ಘಾಟಿ ಕಡೆ ಹೊರಡುವ ಮೊದಲೇ ಮ್ಯಾಪ್ ಇಳಿಸಿಕೊಳ್ಳಿ
ಕೊಟ್ಟಿಗೆಹಾರ, ಚಾರ್ಮಾಡಿ ಕಡೆ ಹೊರಟವರು ಚಿಕ್ಕಮಗಳೂರಲ್ಲಿ ವೈಫೈ ಇರುವಾಗಲೇ ಗೂಗಲ್ ಮ್ಯಾಪ್ಸ್‌ನಲ್ಲಿ ಆ ಭಾಗದ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಟವರ್ ಹೋದ ಕೂಡಲೇ ಏರ್‌ಪ್ಲೇನ್ ಮೋಡ್ ಹಾಕಿ. ನೀಲಿ ಚುಕ್ಕಿ ತಿರುವು ತಿರುವಿಗೂ ನಿಮ್ಮ ಜೊತೆಗೇ ಬರುತ್ತದೆ. ಜಿಪಿಎಸ್‌ಗೆ ಇಂಟರ್‌ನೆಟ್ ಬೇಡ, ಉಪಗ್ರಹದ ಸಿಗ್ನಲ್ ಸಿಕ್ಕರೆ ಸಾಕು. ಸುಮ್ನೆ ಟವರ್ ಹುಡುಕುತ್ತಾ ಬ್ಯಾಟರಿ ಖಾಲಿಯಾಗುವುದೂ ತಪ್ಪುತ್ತದೆ. ಕರೆ ಮಾತ್ರ ಬರಲ್ಲ, ಮನೆಯವರಿಗೆ ಮೊದಲೇ ಹೇಳಿಬಿಡಿ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದರೂ ಈ ಮ್ಯಾಪ್‌ಗೆ ಗೊತ್ತಾಗುವುದಿಲ್ಲ, ಅದಕ್ಕೆ ಬಣಕಲ್‌ನಲ್ಲೇ ಒಂದ್ಸಲ ವಿಚಾರಿಸಿ. ನಡೆದು ಹೋಗುವ ದಾರಿಯನ್ನೂ ಆಫ್‌ಲೈನ್‌ನಲ್ಲಿ ಹೇಳುವುದಿಲ್ಲ. ಇನ್ನು ವೈಫೈ ಮಾತ್ರ ಇರುವ ಟ್ಯಾಬ್, ಲ್ಯಾಪ್‌ಟಾಪ್ ನಂಬಿ ಹೊರಡಬೇಡಿ, ಎಷ್ಟೋ ಮಾಡೆಲ್‌ಗಳಲ್ಲಿ ಜಿಪಿಎಸ್ ಚಿಪ್ಪೇ ಇರುವುದಿಲ್ಲ.