ಕ್ರೂನ್ ಮತ್ತು ಲಿತಾಸ್: ಹಳೆಯ ವಿನಿಮಯ ದರ ಲೆಕ್ಕ ಹಾಕುವ ಬಗೆ

ಎಸ್ಟೋನಿಯಾದ ಕ್ರೂನ್ 2011ರಲ್ಲಿ, ಲಿಥುವೇನಿಯಾದ ಲಿತಾಸ್ 2015ರಲ್ಲಿ ಯೂರೋಗೆ ಜಾಗ ಬಿಟ್ಟುಕೊಟ್ಟವು. ಹಳೆಯ ಬಿಲ್ಲಿಗೋ ವ್ಯಾಪಾರದ ಅಂಕಿಅಂಶಕ್ಕೋ ಇವೆರಡರ ನಡುವಿನ ದರ ಬೇಕಾದರೆ ಕನ್ವರ್ಟರ್ ತಾಣಕ್ಕೆ ತಾರೀಕು ಕೊಟ್ಟು, ಬಂದ ಉತ್ತರವನ್ನು ಹಾಗೇ ಬರೆದುಕೊಳ್ಳಬೇಡಿ. ಎರಡೂ ದೇಶ ತಮ್ಮ ಹಣವನ್ನು ದೊಡ್ಡ ಕರೆನ್ಸಿಯೊಂದಕ್ಕೆ ಕಟ್ಟಿಹಾಕಿದ್ದವು, ಅಂದರೆ ಅದರೆದುರು ದರವನ್ನು ಸ್ಥಿರವಾಗಿ ಇಟ್ಟಿದ್ದವು. ಎಂಟು ವರ್ಷ ಆ ದೊಡ್ಡ ಕರೆನ್ಸಿ ಒಂದೇ ಆಗಿರಲಿಲ್ಲ ಎನ್ನುವುದೇ ಇಲ್ಲಿನ ತೊಡಕು. ಹಾಗಾಗಿ ಮೊದಲು ನೋಡಬೇಕಾದದ್ದು ದರವನ್ನಲ್ಲ, ಆ ತಾರೀಕಿಗೆ ಯಾವುದು ಯಾವುದಕ್ಕೆ ಕಟ್ಟಿತ್ತು ಎಂಬುದನ್ನು.

ಕ್ರೂನ್ ಕಥೆ ಸರಳ. 20 ಜೂನ್ 1992ರಂದು ಬಂದಾಗಿನಿಂದ 1 ಜರ್ಮನ್ ಮಾರ್ಕಿಗೆ 8 ಕ್ರೂನ್. 1999ರಲ್ಲಿ ಮಾರ್ಕ್ 1 ಯೂರೋಗೆ 1.95583 ಎಂದು ನಿಂತಿತು. ಅದನ್ನು 8ರಿಂದ ಗುಣಿಸಿದರೆ 15.6466 ಕ್ರೂನ್, ಕೊನೆಯವರೆಗೂ ಅದೇ ಉಳಿಯಿತು.

ಲಿತಾಸ್ 25 ಜೂನ್ 1993ರಂದು ಬಂತು. ಮೊದಲ ಒಂಬತ್ತು ತಿಂಗಳು ಅದಕ್ಕೆ ಕಟ್ಟು ಇರಲಿಲ್ಲ. ಆ ಅವಧಿಗೆ ಸೂತ್ರ ನಡೆಯುವುದಿಲ್ಲ, ಲಿಥುವೇನಿಯಾ ಬ್ಯಾಂಕಿನ ಅಂದಂದಿನ ಅಧಿಕೃತ ದರವೇ ಬೇಕು. 1 ಏಪ್ರಿಲ್ 1994ರಿಂದ 1 ಅಮೆರಿಕನ್ ಡಾಲರಿಗೆ 4 ಲಿತಾಸ್. 2 ಫೆಬ್ರವರಿ 2002ರಿಂದ 1 ಯೂರೋಗೆ 3.4528 ಲಿತಾಸ್. ಈ ಕೊನೆಯ ಅಂಕಿ ಆಕಾಶದಿಂದ ಇಳಿದದ್ದಲ್ಲ: ಹಿಂದಿನ ದಿನ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಉಲ್ಲೇಖ ದರ 1 ಯೂರೋಗೆ 0.8632 ಡಾಲರ್ ಇತ್ತು, ಅದರ ನಾಲ್ಕು ಪಟ್ಟು ಅಷ್ಟೆ.

ಇನ್ನು ಲೆಕ್ಕ. 1 ಲಿತಾಸಿಗೆ ಎಷ್ಟು ಕ್ರೂನ್ ಎಂದೇ ಎಲ್ಲ ಕಡೆ ಇಟ್ಟುಕೊಳ್ಳಿ, ದಿಕ್ಕು ಬದಲಿಸುತ್ತಾ ಹೋದರೆ ತಲೆ ಕೆಡುತ್ತದೆ.

ಏಪ್ರಿಲ್ 1994ರಿಂದ 1998ರ ಕೊನೆವರೆಗೆ: 2 × (1 ಡಾಲರಿಗೆ ಎಷ್ಟು ಮಾರ್ಕ್). ಡಾಲರ್ 1.50 ಮಾರ್ಕ್ ಇದ್ದ ದಿನ ಲಿತಾಸ್ 3 ಕ್ರೂನ್.

ಜನವರಿ 1999ರಿಂದ 1 ಫೆಬ್ರವರಿ 2002ರವರೆಗೆ: 15.6466 ÷ (4 × 1 ಯೂರೋಗೆ ಎಷ್ಟು ಡಾಲರ್).

2 ಫೆಬ್ರವರಿ 2002ರಿಂದ: 15.6466 ÷ 3.4528, ಅಂದರೆ 4.5316. ಬದಲಾಗುವುದೇ ಇಲ್ಲ.

ನಡುವಿನ ಅವಧಿಯಲ್ಲೇ ಹೆಚ್ಚು ಜನ ಎಡವುವುದು. ಎರಡೂ 'ಸ್ಥಿರ' ಕರೆನ್ಸಿ ಅಂದಮೇಲೆ ಒಂದೇ ದರ ಸಾಕು ಎಂದುಕೊಂಡು ಇಡೀ ಸರಣಿಗೆ 4.53 ತುಂಬಿಬಿಡುತ್ತಾರೆ. 4 ಜನವರಿ 1999ರಂದು ಯೂರೋ 1.1789 ಡಾಲರ್ ಇತ್ತು, ಲಿತಾಸಿಗೆ 3.3181 ಕ್ರೂನ್. 26 ಅಕ್ಟೋಬರ್ 2000ರಂದು ಯೂರೋ 0.8252ಕ್ಕೆ ಕುಸಿದಾಗ 4.7402 ಕ್ರೂನ್. ಎಸ್ಟೋನಿಯಾದ ರಾಜಧಾನಿ ಟಾಲಿನ್‌ನಲ್ಲಾಗಲಿ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಲ್ಲಾಗಲಿ ಯಾರೂ ದರ ಮುಟ್ಟಿರಲಿಲ್ಲ, ಆದರೂ ಎರಡು ವರ್ಷದೊಳಗೆ ಶೇ. 43ರಷ್ಟು ಏರಿಕೆ.

1999ಕ್ಕಿಂತ ಹಿಂದಿನದಕ್ಕೆ 15.6466 ಬಳಸಬೇಡಿ. ಕೆಲವು ದತ್ತಾಂಶ ಕಡತಗಳು ಹಳೆಯ ಇಸಿಯುವನ್ನೇ (ಯೂರೋಗೆ ಮುಂಚೆ ಯುರೋಪಿನಲ್ಲಿದ್ದ ಲೆಕ್ಕದ ಹಣ) ಯೂರೋ ಎಂದು ಹಿಂದಕ್ಕೆ ಎಳೆದಿರುತ್ತವೆ. ಕ್ರೂನ್ ಕಟ್ಟಿದ್ದು ಮಾರ್ಕಿಗೆ, ಮಾರ್ಕ್ ಇಸಿಯು ಎದುರು ಏರಿಳಿಯುತ್ತಿತ್ತು. ಹಾಗೇ ಕೋಡ್ ನೋಡಿಕೊಳ್ಳಿ: ಕ್ರೂನ್ ಇಇಕೆ, ಲಿತಾಸ್ ಎಲ್‌ಟಿಎಲ್. ಎಲ್‌ಟಿಟಿ ಎಂದಿದ್ದರೆ ಅದು ಲಿತಾಸಿಗೆ ಮುಂಚಿನ ತಲೋನಾಸ್. 100 ತಲೋನಾಸಿಗೆ 1 ಲಿತಾಸ್ ಕೊಟ್ಟು ಅದನ್ನು ಹಿಂಪಡೆದರು.

ಶನಿವಾರ, ಭಾನುವಾರಗಳಿಗೆ ಉಲ್ಲೇಖ ದರ ಇರುವುದಿಲ್ಲ, ಹಿಂದಿನ ಕೆಲಸದ ದಿನದ್ದನ್ನೇ ಹಾಕಿ. 2 ಫೆಬ್ರವರಿ 2002 ಸಹ ಶನಿವಾರವೇ. ಹೊಸ ಕಟ್ಟು ಸೋಮವಾರ, 4ರ ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ನು ಯಾವುದಾದರೂ ತಾಣದ ನಕ್ಷೆ 2005ರಲ್ಲಿ ದಿನಾ ಅಲುಗಾಡುತ್ತಿದ್ದರೆ ಅದನ್ನು ನಂಬುವ ಹಾಗಿಲ್ಲ. ಎರಡು ಬೇರೆ ಗಳಿಗೆಯ ಡಾಲರ್ ದರಗಳನ್ನು ಒಂದರಿಂದೊಂದು ಭಾಗಿಸಿದಾಗ ಹುಟ್ಟುವ ಗದ್ದಲ ಅದು.

ಸರಾಸರಿಯಲ್ಲೂ ಒಂದು ಮೋಸ ಇದೆ. ಮೇಲೆ ಹೇಳಿದ 4 ಜನವರಿ 1999 ಮತ್ತು 26 ಅಕ್ಟೋಬರ್ 2000, ಈ ಎರಡು ದಿನಗಳ ಕ್ರೂನ್ ದರದ ಸರಾಸರಿ 4.03. ಯೂರೋ–ಡಾಲರ್ ದರದ ಸರಾಸರಿ ಮೊದಲು ತೆಗೆದು ಆಮೇಲೆ ಸೂತ್ರಕ್ಕೆ ಹಾಕಿದರೆ 3.90. ತಿಂಗಳ ಸರಾಸರಿ ಬೇಕಿದ್ದರೆ ದಿನದಿನದ ದರವನ್ನು ಮೊದಲು ಲೆಕ್ಕ ಹಾಕಿ, ಸರಾಸರಿಯನ್ನು ಕೊನೆಗೆ ತೆಗೆಯಿರಿ.

ನೇಪಾಳದ ರೂಪಾಯಿ, ಭೂತಾನಿನ ಙುಲ್ಟ್ರಮ್ ಜೋಡಿಗೂ ಇದೇ ಹಾದಿ, ಅಲ್ಲಿ ಕೆಲಸ ಇನ್ನೂ ಹಗುರ. ಎರಡೂ ನಮ್ಮ ರೂಪಾಯಿಗೇ ಕಟ್ಟಿಕೊಂಡಿವೆ; ಙುಲ್ಟ್ರಮ್ ಸಮಸಮ, ನೇಪಾಳದ್ದು ಫೆಬ್ರವರಿ 1993ರಿಂದ 1.60. ಆ ತಿಂಗಳಿಂದೀಚೆಗೆ 1 ಙುಲ್ಟ್ರಮಿಗೆ 1.60 ನೇಪಾಳಿ ರೂಪಾಯಿ, ಡಾಲರ್ ಏನೇ ಕುಣಿಯಲಿ.

ಹಳೆಯ ಕರಾರಿನ ಮೊತ್ತವನ್ನು ಇವತ್ತು ಕ್ರೂನಿನಿಂದ ಲಿತಾಸಿಗೆ ತರುವಾಗ 4.5316ರಿಂದ ನೇರ ಭಾಗಿಸುವಂತಿಲ್ಲ. 1997ರ 1103ನೇ ಯುರೋಪಿಯನ್ ನಿಯಮಾವಳಿಯ ಪ್ರಕಾರ ಯೂರೋ ಮೂಲಕವೇ ಹೋಗಬೇಕು, ನಡುವಿನ ಯೂರೋ ಮೊತ್ತವನ್ನು ಮೂರು ದಶಮಾಂಶಕ್ಕಿಂತ ಕಡಿಮೆಗೆ ಇಳಿಸಬಾರದು, ತಲೆಕೆಳಗು ಮಾಡಿದ ದರ ಬಳಸಬಾರದು. 1,000 ಕ್ರೂನ್ ತೆಗೆದುಕೊಳ್ಳಿ. 15.6466ರಿಂದ ಭಾಗಿಸಿದರೆ 63.912 ಯೂರೋ, 3.4528ರಿಂದ ಗುಣಿಸಿದರೆ 220.68 ಲಿತಾಸ್. ನೇರ ಭಾಗಿಸಿದ್ದರೆ 220.67. 1 ಕ್ರೂನ್ 0.0639 ಯೂರೋ ಎಂದು ತಿರುಗಿಸಿ ಗುಣಿಸಿದರೆ 220.63ಕ್ಕೆ ಇಳಿಯುತ್ತದೆ. ಸಾವಿರಕ್ಕೆ ಐದು ಸೆಂಟ್ ವ್ಯತ್ಯಾಸ ಲೆಕ್ಕಕ್ಕೆ ಬಾರದೆ ಹೋಗಬಹುದು, ಕೋಟಿ ಕ್ರೂನಿನ ಸಾಲದಲ್ಲಿ ಹಾಗಲ್ಲ.