ಗೋಡೆಗೆ ಅಂಟಿದ ಬಳ್ಳಿ ಬಿಡಿಸಿ ತಂತಿಗೆ ಹಬ್ಬಿಸಿದ್ದು: ನನ್ನ ಅನುಭವ

ಹೊರಗೋಡೆಯ ಗಾರೆ ಉಬ್ಬಿ ಉದುರುತ್ತಿತ್ತು. ಕಾರಣ ಕ್ರೀಪಿಂಗ್ ಫಿಗ್. ಇದೂ ಐವಿಯೂ ಕಾಂಡದುದ್ದಕ್ಕೂ ಬೇರು ಬಿಟ್ಟು ಗೋಡೆಗೇ ಕಚ್ಚಿಕೊಳ್ಳುವ ಜಾತಿ. ಗಟ್ಟಿ ಗಾರೆಯನ್ನು ಆ ಬೇರು ಒಡೆಯುವುದಿಲ್ಲ. ಮೊದಲೇ ಇದ್ದ ಬಿರುಕಿಗೆ ಇಳಿದು, ದಪ್ಪಗಾಗುತ್ತಾ ಅದನ್ನು ಅಗಲಿಸುತ್ತದೆ.

ಹಸಿ ಬಳ್ಳಿಯನ್ನು ಎಂದಿಗೂ ಎಳೆಯಬೇಡಿ, ಬಣ್ಣದ ಜೊತೆ ಗಾರೆಯೂ ಕಿತ್ತು ಬರುತ್ತದೆ. ಬುಡ ಕತ್ತರಿಸಿ 3–4 ವಾರ ಒಣಗಲು ಬಿಟ್ಟೆ. ಆಮೇಲೆ ಮೇಲಿನಿಂದ ಕೆಳಕ್ಕೆ ಸಣ್ಣ ತುಂಡುಗಳಾಗಿ ಬಿಡಿಸಿದೆ. ಗೋಡೆಯಲ್ಲಿ ಉಳಿಯುವ ಕಂದು ಬೇರಿನ ಎಳೆಗಳಿಗೆ ನೀರು ಚಿಮುಕಿಸಿ ನೈಲಾನ್ ಬ್ರಷ್‌ನಿಂದ ಉಜ್ಜಬೇಕು. ಕಬ್ಬಿಣದ ಬ್ರಷ್ ಗಾರೆಯನ್ನೇ ಗೀರುತ್ತದೆ. ಬಿರುಕುಗಳನ್ನು ಕೆತ್ತಿ, ದೂಳು ತೆಗೆದು, ಸಿಮೆಂಟ್ ಗಾರೆ ತುಂಬಿ 7 ದಿನ ನೀರುಣಿಸಿದೆ. ಪೂರ್ತಿ ಒಣಗಿದ ಮೇಲಷ್ಟೇ ಬಣ್ಣ.

ಹೊಸದಾಗಿ ನೆಟ್ಟದ್ದು ಶಂಖಪುಷ್ಪ. ಇದು ಸುತ್ತಿಕೊಂಡು ಹತ್ತುತ್ತದೆ, ಅಂಟುವುದಿಲ್ಲ. 3 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ತಂತಿಯನ್ನು ಗೋಡೆಯಿಂದ 10 ಸೆಂ.ಮೀ. ಈಚೆಗೆ, ಉದ್ದನೆಯ ಕೊಕ್ಕೆ ಬೋಲ್ಟುಗಳಿಗೆ ಬಿಗಿದಿದ್ದೇನೆ. ಈ ಸಂದಿಯೇ ಮುಖ್ಯ: ಗಾಳಿಯಾಡಿ ಗೋಡೆ ಬೇಗ ಒಣಗುತ್ತದೆ, ಕೈ ಹಾಕಿ ಸವರಲೂ ಆಗುತ್ತದೆ. ಬೋಲ್ಟಿನ ತೂತನ್ನು ಹೊರಕ್ಕೆ ತುಸು ಇಳಿಜಾರಾಗಿ ಕೊರೆದು ಬಾಯಿಗೆ ಸೀಲಂಟ್ ಹಾಕಿ, ಇಲ್ಲದಿದ್ದರೆ ಅಲ್ಲಿಂದಲೇ ನೀರು ಇಳಿಯುತ್ತದೆ.

ಗುಂಡಿ ಗೋಡೆಯಿಂದ 45 ಸೆಂ.ಮೀ. ದೂರವಿರಲಿ. ಎಳೆ ಕುಡಿಯನ್ನು ಓರೆ ಕೋಲಿನ ಮೇಲೆ ತಂತಿಯತ್ತ ತಿರುಗಿಸಿ. ಮಣ್ಣನ್ನು ಗೋಡೆಗೆ ಒತ್ತಿ ಏರಿಸಲೇಬಾರದು, ಬುಡದಿಂದ ತೇವ ಏರುತ್ತದೆ. ಸೂರಿಗೆ 30 ಸೆಂ.ಮೀ. ಇರುವಾಗಲೇ ತುದಿ ಚಿವುಟಿ. ಹೆಂಚಿನಡಿ ನುಸುಳಿದ ಕುಡಿಯನ್ನು ಹೆಂಚು ಎತ್ತದೆ ತೆಗೆಯಲಾಗದು.