ಉಪಚುನಾವಣೆಯಲ್ಲಿ ಬೂತ್ ಏಜೆಂಟ್ ಆಗಿ ಕೂರುವುದು ಹೇಗೆ?

ಮೇಷ್ಟ್ರಾಗಿದ್ದಷ್ಟು ದಿನ ಚುನಾವಣೆ ಡ್ಯೂಟಿಗೆಂದು ಎಷ್ಟೋ ಹಳ್ಳಿಗಳಿಗೆ ಹೋಗಿದ್ದೇನೆ. ಎಲ್ಲ ಕಡೆ ಒಂದೇ ಕತೆ. ಅಭ್ಯರ್ಥಿಯ ಪರವಾಗಿ ಬೂತಿನಲ್ಲಿ ಕೂರುವ ಏಜೆಂಟರು ಬೆಳಗ್ಗೆ ತಡವಾಗಿ ಬರುತ್ತಾರೆ, ಸಂಜೆ ಬೇಗ ಎದ್ದು ಹೋಗುತ್ತಾರೆ. ನೋಡಬೇಕಾದ್ದು ಇರುವುದೇ ಆ ಎರಡು ಹೊತ್ತಿನಲ್ಲಿ! ಉಪಚುನಾವಣೆಯಾದರೆ ಇನ್ನೂ ಕಷ್ಟ. ಅರ್ಧ ಮಂತ್ರಿಮಂಡಲ ಒಂದೇ ತಾಲ್ಲೂಕಿನಲ್ಲಿ ಬೀಡುಬಿಟ್ಟಿರುತ್ತದೆ, ಏಜೆಂಟನ ಗಮನವೆಲ್ಲ ಹೊರಗಿನ ಗದ್ದಲದ ಮೇಲೆ.

ಮೊದಲು ಕಾಗದಪತ್ರ. ಅಭ್ಯರ್ಥಿ ಅಥವಾ ಅವರ ಚುನಾವಣಾ ಏಜೆಂಟ್ ಸಹಿ ಮಾಡಿದ ನಮೂನೆ 10 (ನಿಮ್ಮನ್ನು ಏಜೆಂಟ್ ಆಗಿ ನೇಮಿಸುವ ಪತ್ರ), ನಿಮ್ಮ ವೋಟರ್ ಕಾರ್ಡ್, ಮತದಾರರ ಪಟ್ಟಿ. ಮೊಬೈಲ್ ಮನೆಯಲ್ಲೇ ಇರಲಿ, ಕೈಗೆ ಗಡಿಯಾರ ಕಟ್ಟಿಕೊಳ್ಳಿ. ಪಕ್ಷದವರು ಹಂಚುವ ಕಿಟ್‌ನ ಪೆನ್ನು ಮಧ್ಯಾಹ್ನಕ್ಕೇ ಕೈಕೊಡುತ್ತದೆ. ನಿಮ್ಮದೇ ಎರಡು ಇಟ್ಟುಕೊಳ್ಳಿ. ಜೇಬಿನಲ್ಲಿ ಚಿಲ್ಲರೆಯೂ ಬೇಕು. ಬಂದವರು ಆ ಮತದಾರರೇ ಅಲ್ಲ ಎಂದು ಆಕ್ಷೇಪಿಸಲು 2 ರೂಪಾಯಿ ಕಟ್ಟಬೇಕು.

ಈಗ ಅಸಲಿ ಕೆಲಸ, ಅಣಕು ಮತದಾನ. ಅಂದರೆ ಯಂತ್ರ ಸರಿಯಿದೆಯೇ ಎಂದು ನೋಡಲು ಮೊದಲೇ ಒತ್ತುವ ಪರೀಕ್ಷೆಯ ಮತ. ಮತದಾನ 7ಕ್ಕೆ ಅಂದರೆ ಇದು ಶುರುವಾಗುವುದು 5.30ಕ್ಕೆ. ಏಜೆಂಟರಿಗಾಗಿ ಕಾಯುವುದು ಹದಿನೈದೇ ನಿಮಿಷ. ಆಮೇಲೆ ನೀವಿಲ್ಲದೆಯೂ ನಡೆಯುತ್ತದೆ. ಕನಿಷ್ಠ 50 ಮತ ಒತ್ತಬೇಕು, ನೋಟಾ ಸೇರಿ ಪ್ರತಿ ಗುಂಡಿಗೂ ಬೀಳಬೇಕು. ಕುಮಾರಸ್ವಾಮಿ ಮಂಡ್ಯದಿಂದ ಲೋಕಸಭೆಗೆ ಹೋದ ಮೇಲೆ ತೆರವಾದ ಚನ್ನಪಟ್ಟಣದಲ್ಲಿ 2024ರ ನವೆಂಬರ್ 13ರಂದು ಕಣದಲ್ಲಿದ್ದವರು 31 ಮಂದಿ. ನೋಟಾ ಸೇರಿ 32 ಗುಂಡಿ. ಒಂದು ಬ್ಯಾಲೆಟ್ ಯೂನಿಟ್‌ಗೆ 16ರಂತೆ ಎರಡು ಯೂನಿಟ್. ಇಂಥ ಕಡೆ ಎರಡನೇ ಯೂನಿಟ್‌ನ ಕೊನೆಯ ಗುಂಡಿಯವರೆಗೂ ಬಿಡದೆ ಒತ್ತಿಸಿ. 'ಸಾಕು ಬಿಡಿ ಸಾರ್, ಹೊತ್ತಾಯ್ತು' ಎನ್ನುವವರು ಒಬ್ಬರಾದರೂ ಇರುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಯಾವುದಕ್ಕೆ ಎಷ್ಟು ಬಿತ್ತೆಂದು ಚೀಟಿಯಲ್ಲಿ ಗೀಟು ಹಾಕುತ್ತಾ ಹೋಗಿ.

ಆಮೇಲೆ ಅಧಿಕಾರಿಯ ಮುಂದಿರುವ ಕಂಟ್ರೋಲ್ ಯೂನಿಟ್‌ನ ಮೂರು ಗುಂಡಿ: ಕ್ಲೋಸ್, ರಿಸಲ್ಟ್, ಕ್ಲಿಯರ್. ರಿಸಲ್ಟ್ ಬಂದಾಗ ನಿಮ್ಮ ಗೀಟು, ಯಂತ್ರದ ಲೆಕ್ಕ, ವಿವಿಪ್ಯಾಟ್ (ಮತ ಯಾರಿಗೆ ಬಿತ್ತೆಂದು ಮುದ್ರಿಸುವ ಯಂತ್ರ) ಚೀಟಿ ಮೂರನ್ನೂ ತಾಳೆ ನೋಡಿ. ಎಡವುವುದು ಕ್ಲಿಯರ್‌ನಲ್ಲಿ. ಹೊರಗೆ ಸಾಲು ಬೆಳೆದಿರುತ್ತದೆ, ಅಷ್ಟರಲ್ಲಿ ಯಾರೋ ಚಹಾ ತರುತ್ತಾರೆ, ಅಧಿಕಾರಿ ಸೀಲ್ ಹಚ್ಚಲು ಕೂರುತ್ತಾರೆ. ಅಣಕು ಮತಗಳು ಒಳಗೇ ಉಳಿದುಬಿಡುತ್ತವೆ. ಟೋಟಲ್ ಒತ್ತಿಸಿ, ಸೊನ್ನೆಯನ್ನು ಕಣ್ಣಾರೆ ನೋಡಿ. ವಿವಿಪ್ಯಾಟ್ ಡಬ್ಬಿಯಿಂದ ಚೀಟಿಗಳೆಲ್ಲ ಹೊರಬಂದು, ಹಿಂಬದಿಗೆ ಮುದ್ರೆ ಬಿದ್ದು, ಕಪ್ಪು ಲಕೋಟೆ ಸೇರಬೇಕು. ಖಾಲಿ ಡಬ್ಬಿಯೊಳಗೆ ಒಮ್ಮೆ ಇಣುಕಿ. ಹಸಿರು ಪೇಪರ್ ಸೀಲಿನ ನಂಬರ್ ಬರೆದುಕೊಳ್ಳಿ.

ಒಂದು ಊರಲ್ಲಿ ನನ್ನ ಪಕ್ಕದ ಬೂತಿನಲ್ಲಿ ಹೀಗೇ ಮರೆತಿದ್ದರು. ಬಿದ್ದ ಮತಗಳ ಲೆಕ್ಕ ಬರೆಯುವ ಫಾರಂ 17ಸಿ ಒಂದು ಲೆಕ್ಕ ಹೇಳಿದರೆ ಯಂತ್ರ 50 ಜಾಸ್ತಿ ಹೇಳುತ್ತಿತ್ತು. 2025ಕ್ಕೆ ಮೊದಲು ಅಂಥ ಯಂತ್ರವನ್ನು ಎಣಿಕೆ ದಿನ ಪಕ್ಕಕ್ಕಿಡುತ್ತಿದ್ದರು. ಚನ್ನಪಟ್ಟಣದಂತೆ ಗೆಲುವಿನ ಅಂತರ 25,413 ಇದ್ದು, ಆ ಯಂತ್ರದ ಮತಗಳಿಗಿಂತ ದೊಡ್ಡದಾದರೆ ಅದರ ಗೊಡವೆಗೇ ಹೋಗುತ್ತಿರಲಿಲ್ಲ. ದಿನವಿಡೀ ಬಿಸಿಲಲ್ಲಿ ನಿಂತ ಆ ಊರಿನವರ ಮತ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಹಗಲಿನ ಕೆಲಸ ಸುಲಭ: ಹೆಸರು ಕೂಗಿದಾಗ ಪಟ್ಟಿ ನೋಡಿ, ಗೀಟು ಹಾಕಿ. ಗುರುತು ಹಾಕಿದ ಪಟ್ಟಿಯನ್ನು ಮಾತ್ರ ಹೊರಗೆ ಕಳಿಸುವಂತಿಲ್ಲ.

6 ಗಂಟೆಗೆ ಸಾಲಿನಲ್ಲಿದ್ದವರಿಗೆಲ್ಲ ಚೀಟಿ ಕೊಡುತ್ತಾರೆ, ಸಾಲಿನ ಕೊನೆಯವರಿಂದ ಶುರುಮಾಡಿ. ಹಿಂದೆ ಬಂದು ಸೇರಿಕೊಳ್ಳಲು ಆಗದಿರಲಿ ಅಂತ. ಕೊನೆಯ ಮತ ಬಿದ್ದ ಮೇಲೆ ಮತ್ತೆ ಕ್ಲೋಸ್. ಆಗ 17ಸಿ ತುಂಬುತ್ತಾರೆ. ಮಧ್ಯಾಹ್ನವೇ ಖಾಲಿ ಫಾರಂಗೆ ಸಹಿ ಹಾಕಿಸಿಕೊಳ್ಳುವ ಚಾಳಿ ಕೆಲವು ಕಡೆ ಇದೆ. 'ಆಮೇಲೆ ಲೇಟಾಗುತ್ತೆ' ಅಂತಾರೆ. ಆಗಲಿ ಬಿಡಿ, ಹಾಕಬೇಡಿ. ಒಟ್ಟು ಮತ, ಮತ ಹಾಕಿದವರ ಸಹಿ ಇರುವ 17ಎ ರಿಜಿಸ್ಟರ್‌ನಲ್ಲಿರುವ ಸಂಖ್ಯೆ, ಕಂಟ್ರೋಲ್ ಯೂನಿಟ್ ನಂಬರ್ ಎಲ್ಲ ಬರೆದ ಮೇಲೆಯೇ ಸಹಿ. ನಕಲು ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ರಾತ್ರಿಯೇ ಅದನ್ನು ಅಭ್ಯರ್ಥಿಯ ಕಡೆಯವರಿಗೆ ಮುಟ್ಟಿಸಿ. ಎಣಿಕೆ ಟೇಬಲ್‌ನಲ್ಲಿ ಕೂರುವವರ ಕೈಯಲ್ಲಿ ಅದು ಇರಬೇಕು, ನಿಮ್ಮ ಅಂಗಿ ಜೇಬಿನಲ್ಲಲ್ಲ. ಒಬ್ಬ ಏಜೆಂಟನ ಮನೆಯಲ್ಲಿ ಅಂಗಿಯ ಜೊತೆ ಅದೂ ನೀರಿಗೆ ಬಿದ್ದಿತ್ತು.